ಬಿಕ್ಕಳಿಕೆ ಬಾರದ ನಿರ್ಧಾರ

ನನ್ನ ಗಂಡ ಸತ್ತದ್ದಕ್ಕೂ ತಮ್ಮ ನಿರ್ಧಾರಕ್ಕೂ ಸಂಬಂಧವಿಲ್ಲ ಎಂದು ನಮ್ಮೂರಿನ ಬಸ್ ಸಂಘದವರು ಹೇಳುತ್ತಾರೆ. ಅದಕ್ಕೆ ಅವರ ಕೈಯಲ್ಲಿರುವ ಸಾಕ್ಷಿ ಎಂದರೆ ನಾನೇ. ಅವರು ಆ ನಿರ್ಧಾರ ಮಾಡಿದ ಹೊತ್ತಿಗೆ ನಾನು ನನ್ನ ಹಿಟ್ಟಿನ ಗಿರಣಿಯಲ್ಲಿ ಜೋಳ ಹಾಕುತ್ತ ನಿಂತಿದ್ದೆ, ನನಗೆ ಬಿಕ್ಕಳಿಕೆ ಬರಲಿಲ್ಲ. ನಮ್ಮ ಮನೆಯವರು ಕಟ್ಟೆಯ ಮೇಲೆ ಕೂತಿದ್ದರು, ಅವರಿಗೂ ಬರಲಿಲ್ಲ. ಹಿಟ್ಟು ಹಾಕಿಸಲು ಬಂದ ಹೆಂಗಸರು ಇದನ್ನು ಕಣ್ಣಾರೆ ಕಂಡಿದ್ದಾರೆ. ಸಂಘದವರು ಕೇಳಿದಾಗ ಅವರು ಹಾಗೆಯೇ ಹೇಳಿದರು, ನಾನೂ ಹಾಗೆಯೇ ಹೇಳಿದೆ. ಇಲ್ಲದ್ದನ್ನು ಇತ್ತು ಎನ್ನಲು ನನ್ನ ನಾಲಿಗೆ ಏಳಲಿಲ್ಲ.

ಬೇರೆ ಊರುಗಳಲ್ಲಿ ಬಿಕ್ಕಳಿಕೆ ಬಂದರೆ ಯಾರೋ ನೆನೆಸುತ್ತಿದ್ದಾರೆ ಎಂದು ನೀರು ಕುಡಿದು ಸುಮ್ಮನಾಗುತ್ತಾರಂತೆ. ನಮ್ಮಲ್ಲಿ ಹಾಗೆ ಸುಮ್ಮನಾಗಲು ಬರುವುದಿಲ್ಲ. ಇಲ್ಲಿ ಯಾರಾದರೂ ನಮಗೆ ಕೇಡಾಗುವ ತೀರ್ಮಾನವೊಂದನ್ನು ಮಾಡಿದರೆ ಆ ಗಳಿಗೆಯಲ್ಲೇ ನಮಗೆ ಬಿಕ್ಕಳಿಕೆ ಹತ್ತುತ್ತದೆ. ಉಣ್ಣುವ ತಾಟು ಬಿಟ್ಟು, ಚಪ್ಪಲಿ ಮೆಟ್ಟಿಕೊಂಡು, ಯಾರು ಏನು ತೀರ್ಮಾನಿಸಿದರೆಂದು ಹುಡುಕಿಕೊಂಡು ಹೊರಡಬೇಕು. ಗಂಡಿನ ಕಡೆಯವರು ಒಲ್ಲೆವೆಂದದ್ದು ನಮ್ಮ ಹೆಣ್ಣುಮಕ್ಕಳಿಗೆ ಮಧ್ಯಸ್ಥ ಬಂದು ಹೇಳುವ ಮೊದಲೇ ಗೊತ್ತಾಗುತ್ತದೆ. ಕಿರಾಣಿ ಅಂಗಡಿಯವನು ಬೆಲ್ಲದ ದರ ಏರಿಸಬೇಕೆಂದುಕೊಂಡ ದಿನ ಇಡೀ ಓಣಿಗೆ ಬಿಕ್ಕಳಿಕೆ. ಹುಡುಕಿಕೊಂಡು ಬಂದವರಿಗೆ ತೀರ್ಮಾನ ಮಾಡಿದವನು ತನ್ನ ಕೈಯಾರೆ ನೀರು ಕೊಟ್ಟು "ಹೌದು, ನಾನೇ" ಎನ್ನಬೇಕು. ಆಮೇಲೆ ಜಗಳವೋ ರಾಜಿಯೋ, ಅವರವರ ತಾಕತ್ತು. ಹಾಗೆಂದು ನಮ್ಮೂರಿನವರು ಒಳ್ಳೆಯವರೆಂದು ತಿಳಿಯಬೇಡಿ. ಕೆಟ್ಟದ್ದು ಮಾಡುವವರು ಇಲ್ಲೂ ಮಾಡುತ್ತಾರೆ, ಬಾಗಿಲಲ್ಲಿ ಒಂದು ಕೊಡ ನೀರು ತುಂಬಿಟ್ಟುಕೊಂಡು ಮಾಡುತ್ತಾರೆ. ಇನ್ನೊಂದು ಮಾತು: ಬಿಕ್ಕಳಿಕೆ ಬಾರದೆ ದೂರು ತೆಗೆದುಕೊಂಡು ಹೋದರೆ ಅವರಿಗೆ ನಮ್ಮಲ್ಲಿ ಸುಳ್ಳುಬುರುಕರೆಂದು ಹೆಸರು. ಅಂಥ ಮನೆಯಿಂದ ಹೆಣ್ಣು ತರಲೂ ಜನ ಹಿಂದೆಮುಂದೆ ನೋಡುತ್ತಾರೆ.

ಇಂಥ ಊರಿನಲ್ಲಿ ಬಸ್ ಸಂಘ ನಡೆಸುವುದು ಹುಡುಗಾಟವಲ್ಲ. ಟಿಕೆಟ್ ದರ ಏರಿಸಿದರೆ ಊರಿಗೆ ಬಿಕ್ಕಳಿಕೆ, ಏರಿಸದಿದ್ದರೆ ಡ್ರೈವರುಗಳಿಗೆ ಬಿಕ್ಕಳಿಕೆ. ಒಂದು ಬಸ್ಸನ್ನು ಸಂತೆಯ ಕಡೆ ತಿರುಗಿಸಿದರೆ ದವಾಖಾನೆಯ ಕಡೆಯವರು ಎದೆ ಹಿಡಿದುಕೊಂಡು ಬರುತ್ತಿದ್ದರು. ಆಡಳಿತ ಮಂಡಳಿಯವರು ಸಭೆ ಮುಗಿಸಿ ಹೊರಬಂದರೆ ಬೇವಿನ ಮರದ ಕೆಳಗೆ ಒಂದು ಗುಂಪು ಕಾದಿರುತ್ತಿತ್ತು. ಎಲ್ಲರಿಗೂ ನೀರು ಕೊಟ್ಟು, ಎಲ್ಲರ ಮಾತು ಕೇಳಿ, ಮಾಡಿದ್ದನ್ನು ಅಳಿಸಿ ಮನೆಗೆ ಹೋಗುವುದು. ಬಸ್ಸುಗಳ ವೇಳೆ ನಮ್ಮ ಅಜ್ಜಂದಿರು ಹಾಕಿದ್ದೇ ಉಳಿದಿತ್ತು, ಬಸ್ಸುಗಳೂ ಹೆಚ್ಚುಕಡಿಮೆ ಅವರ ಕಾಲದವೇ. ಇದೇ ಹೊತ್ತಿನಲ್ಲಿ ನನ್ನ ಒಡಹುಟ್ಟಿದ ಅಣ್ಣ ಚನ್ನವೀರ ಸಂಘದ ಅಧ್ಯಕ್ಷನಾದ. ಅವನು ಚಿಕ್ಕಂದಿನಿಂದಲೂ ಬುದ್ಧಿವಂತ, ಅದನ್ನು ಮರೆಯಲು ಅವನು ಯಾರಿಗೂ ಬಿಟ್ಟವನಲ್ಲ. ಸಂಘ ಸುಧಾರಿಸಬೇಕಾದರೆ ತಿಳಿದವರನ್ನು ಕರೆಸಬೇಕು ಎಂದು ಅವನೇ ದೊಡ್ಡ ಶಹರದಿಂದ ಆರ್ಥಿಕ ಸಲಹೆಗಾರರನ್ನು ಕರೆಸಿದ. ಸಂಸ್ಥೆಗಳು ಒಳ್ಳೆಯ ನಿರ್ಧಾರ ಮಾಡುವುದು ಹೇಗೆಂದು ಕಲಿಸುವುದೇ ಅವರ ಉದ್ಯೋಗವಂತೆ. ಮಳೆ ಹೇಗೆ ಬರಬೇಕೆಂದು ಮೋಡಕ್ಕೆ ಕಲಿಸುವವರೂ ಇರಬಹುದು ಎಂದು ನಾವೆಲ್ಲ ಆಡಿಕೊಂಡು ನಕ್ಕೆವು.

ಬಂದವರ ಮುಖ್ಯಸ್ಥನ ಹೆಸರು ಪ್ರದ್ಯುಮ್ನ. ಹಮ್ಮುಬಿಮ್ಮು ಇಲ್ಲದ ಮನುಷ್ಯ, ಅದನ್ನು ಒಪ್ಪಲೇಬೇಕು. ಬಿಸಿಲಲ್ಲಿ ಸ್ಟಾಪಿನಿಂದ ಸ್ಟಾಪಿಗೆ ನಡೆದು ಹೋಗುತ್ತಿದ್ದ, ಸಿಕ್ಕವರನ್ನೆಲ್ಲ ಮಾತಾಡಿಸುತ್ತಿದ್ದ. ನಮ್ಮದು ಊರಿನ ಕೊನೆಗೆ, ಸುಣ್ಣದ ಭಟ್ಟಿಯ ಹತ್ತಿರ. ಭಟ್ಟಿ ಆರಿ ಹೋಗಿ ಎಷ್ಟೋ ಕಾಲವಾಗಿದೆ, ಸ್ಟಾಪಿಗೆ ಹೆಸರು ಮಾತ್ರ ಅದೇ. ಒಂದು ದಿನ ಅವನು ನನ್ನ ಗಿರಣಿಗೆ ಬಂದು, ಹಿಟ್ಟಿನ ಧೂಳಿಗೆ ಸೀನುತ್ತ, ಮುಂಜಾನೆಯ ಮೊದಲ ಬಸ್ಸು ಇಲ್ಲಿಂದ ಯಾರು ಹತ್ತುತ್ತಾರೆ ಎಂದು ಕೇಳಿದ.

"ನಮ್ಮ ಮನ್ಯಾವರು ಹತ್ತತಾರ್ರಿ, ವಾರದಾಗ ಎರಡ ಸಲ. ದವಾಖಾನ್ಯಾಗ ರಕ್ತ ತೊಳಸಬೇಕು, ಮೂತ್ರಪಿಂಡ ಕೆಲಸ ಬಿಟ್ಟಾವ. ಒಮ್ಮೊಮ್ಮೆ ಮತ್ತೊಬ್ಬರು ಇರತಾರ, ಒಮ್ಮೊಮ್ಮೆ ಇರಂಗಿಲ್ಲ" ಎಂದೆ.

ಅವನು ತಲೆ ಆಡಿಸಿದ. ನಾನು ರೊಟ್ಟಿ, ಪುಂಡಿಪಲ್ಯೆ ಹಾಕಿಕೊಟ್ಟೆ. ಉಣ್ಣುತ್ತ ಹೇಳಿದ: "ನಾನು ನಿರ್ಧಾರ ಮಾಡೋನಲ್ಲ ಅಕ್ಕಾ. ಯಾವುದರಿಂದ ಎಷ್ಟು ಲಾಭ, ಎಷ್ಟು ನಷ್ಟ ಅಂತ ಮಾಡೋರ ಮುಂದೆ ಇಡೋನು, ಅಷ್ಟೇ. ನಿಮ್ಮ ಸಂಘದವರಿಗೆ ಬುದ್ಧಿ ಏನೂ ಕಡಿಮೆ ಇಲ್ಲ. ತೊಂದರೆ ಏನಂದ್ರೆ, ಒಂದು ಸ್ಟಾಪಿನ ಹೆಸರು ಬಂದ ಕೂಡ್ಲೆ ಅವರ ಕಣ್ಣಿಗೆ ಅಲ್ಲಿ ನಿಂತಿರೋ ಮನುಷ್ಯ ಬರ್ತಾನೆ. ಮುಖ ಕಂಡ್ರೆ ಮನಸ್ಸು ಅಲ್ಲೇ ನಿಂತುಬಿಡುತ್ತೆ."

"ಖರೆ ಐತ್ರಿ. ಮುಖ ನೋಡಿ ಮಣಿ ಹಾಕೂ ಮಂದಿನ ಭಾಳ ನಮ್ಮೂರಾಗ" ಎಂದೆ. ಮನಸ್ಸಿನಿಂದಲೇ ಹೇಳಿದೆ. ಸಂಘದ ಹಳೆಯ ಅಧ್ಯಕ್ಷ ತನ್ನ ಬೀಗರ ಮನೆ ಮುಂದೆ ಸ್ಟಾಪು ಹಾಕಿಸಿಕೊಂಡದ್ದು ಊರಿಗೇ ಗೊತ್ತು. ಮುಖ ನೋಡದೆ ಕೆಲಸ ಮಾಡಿದರೆ ಬಡವರಿಗೆ ಒಳ್ಳೆಯದಾದೀತು ಎಂದು ಅವತ್ತು ನನಗೆ ಅನ್ನಿಸಿತು. ಅವನಿಗೆ ಇನ್ನೊಂದು ರೊಟ್ಟಿ ಹಾಕಿದೆ.

ಪ್ರದ್ಯುಮ್ನ ಹೇಳಿಕೊಟ್ಟ ಪದ್ಧತಿಯಲ್ಲಿ ಮುಚ್ಚುಮರೆ ಇರಲಿಲ್ಲ. ಸಂಘದ ಸಭೆ ಕರೆದು ಎಲ್ಲರ ಎದುರಿಗೇ ವಿವರಿಸಿದ. ಇನ್ನು ಮುಂದೆ ಸ್ಟಾಪುಗಳಿಗೆ ಹೆಸರಿಲ್ಲ, ನಂಬರು ಮಾತ್ರ. ಮಂಡಳಿಯವರು ಈ ಸ್ಟಾಪು ಇರಲಿ, ಆ ಸ್ಟಾಪು ಹೋಗಲಿ ಎಂದು ಮಾತಾಡುವುದೇ ಬೇಡ. ಮೊದಲು ಒಂದು ನಿಯಮ ಮಾಡುವುದು, ಇಷ್ಟಕ್ಕಿಂತ ಕಡಿಮೆ ಜನ ಹತ್ತುವಲ್ಲಿ ಬಸ್ಸು ನಿಲ್ಲುವುದಿಲ್ಲ ಎಂದು. ಆಮೇಲೆ ಆಫೀಸಿನ ಗುಮಾಸ್ತ ಆ ನಿಯಮಕ್ಕೆ ಯಾವ ಯಾವ ನಂಬರು ಸಿಕ್ಕಿತೆಂದು ನೋಡಿ ಬೋರ್ಡು ತೆಗೆಸುವುದು. ಗುಮಾಸ್ತ ತೀರ್ಮಾನ ಮಾಡುವವನಲ್ಲ, ಹೇಳಿದ್ದನ್ನು ಮಾಡುವವನು. ಮಂಡಳಿಯವರಿಗೆ ಯಾರ ಸ್ಟಾಪೆಂದು ತಿಳಿದಿರುವುದಿಲ್ಲ. ಪಕ್ಷಪಾತಕ್ಕೆ ಜಾಗವೇ ಇಲ್ಲ. ಹೀಗೆ ಮಾಡಿದ ನಿರ್ಧಾರ ನಿಜವಾಗಿ ಒಳ್ಳೆಯದೋ ಅಲ್ಲವೋ ಎನ್ನುವುದಕ್ಕೆ ನಿಮ್ಮೂರಿನ ಬಿಕ್ಕಳಿಕೆಗಿಂತ ದೊಡ್ಡ ಪರೀಕ್ಷೆ ಬೇಕೇ ಎಂದು ಅವನು ನಗುತ್ತ ಕೇಳಿದ. ಜನ ಚಪ್ಪಾಳೆ ತಟ್ಟಿದರು.

ಮಂಡಳಿಯವರು ಕಿಟಕಿ ಮುಚ್ಚಿಕೊಂಡು ಕೂತು ನಿಯಮ ಮಾಡಿದರು. ಬೇವಿನ ಮರದ ಕೆಳಗೆ ಸೇರಿದ್ದ ಜನ ಒಬ್ಬರ ಮುಖ ಒಬ್ಬರು ನೋಡುತ್ತ ಕಾದರು. ಒಬ್ಬರಿಗೂ ಬಿಕ್ಕಳಿಕೆ ಬರಲಿಲ್ಲ. ಒಳಗಿನಿಂದ ಬಂದ ನನ್ನ ಅಣ್ಣನನ್ನು ಕೆಲವರು ಹೆಗಲ ಮೇಲೆ ಎತ್ತಿಕೊಂಡರಂತೆ. ಊರು ಹುಟ್ಟಿದಾಗಿನಿಂದ ಯಾರಿಗೂ ಕೇಡಾಗದ ನಿರ್ಧಾರ ಇದೊಂದೇ ಎಂದು ಹಾಡಿ ಹೊಗಳಿದರು. ಸುಳ್ಳು ಯಾಕೆ ಹೇಳಲಿ, ಬಸ್ಸುಗಳು ಹೊತ್ತಿಗೆ ಸರಿಯಾಗಿ ಬರತೊಡಗಿದವು. ಸಂತೆಯ ಹೆಂಗಸರು ಬುಟ್ಟಿ ಹೊತ್ತುಕೊಂಡು ಬಾಗಿಲಲ್ಲಿ ಜೋತಾಡುವುದು ತಪ್ಪಿತು. ಹೊಸ ಬಸ್ಸುಗಳು ಬಂದವು, ಸೀಟುಗಳಿಗೆ ಮೆತ್ತೆ ಬಂತು. ಬೇರೆ ಊರುಗಳವರು ನೋಡಿಹೋಗಲು ಬಂದರು. ನನ್ನ ಅಣ್ಣನಿಗೆ ಶಾಲು ಹೊದಿಸುವವರ ಸಾಲು ಹತ್ತಿತು.

ನಮ್ಮ ಸ್ಟಾಪಿನಲ್ಲಿ ಮೊದಲ ಬಸ್ಸು ನಿಲ್ಲದೆ ಹೋದ ಮುಂಜಾನೆ ನಾನು ಗಿರಣಿಯ ಬಾಗಿಲು ತೆಗೆಯುತ್ತಿದ್ದೆ. ನಮ್ಮ ಮನೆಯವರು ಎಂದಿನಂತೆ ಚೀಲ ಹಿಡಿದು ಕೈ ಎತ್ತಿದರು. ಬಸ್ಸು ಸ್ವಲ್ಪ ನಿಧಾನವಾದಂತೆ ಮಾಡಿ ಮುಂದೆ ಹೋಯಿತು. ಕಂಡಕ್ಟರ್ ಮೌಲಾಲಿ ಬಾಗಿಲಿನಿಂದ ಬಗ್ಗಿ, "ಸ್ಟಾಪ್ ತಗದಾರ್ರಿ ಗುರುಪಾದಪ್ಪಾರ, ಹಳ್ಳದ ಸೇತುವಿ ಹತ್ರ ಬರ್ರಿ!" ಎಂದು ಕೂಗಿದ. ಅವರ ಹೆಸರು ಗುರುಪಾದಪ್ಪ. ಹೆಂಡತಿ ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎನ್ನುತ್ತಾರೆ. ಈಗ ಹೇಳಿದರೆ ಯಾರ ಆಯುಷ್ಯ ಕಡಿಮೆಯಾಗಬೇಕು, ಹೇಳುತ್ತೇನೆ.

ಹಳ್ಳದ ಸೇತುವೆಗೆ ಏರುದಾರಿ. ಗಟ್ಟಿಮುಟ್ಟಾದವರಿಗೆ ಅದೇನೂ ದೂರವಲ್ಲ. ಅವರ ಕಾಲು ಬಾತಿರುತ್ತಿದ್ದವು, ನಾಲ್ಕು ಹೆಜ್ಜೆಗೆ ಏದುಸಿರು. ದವಾಖಾನೆಯಲ್ಲಿ ಅವರ ಪಾಳಿ ಬೆಳಕು ಹರಿದ ಕೂಡಲೇ ಬರುತ್ತಿತ್ತು, ತಪ್ಪಿದರೆ ಯಂತ್ರ ಇನ್ನೊಬ್ಬರಿಗೆ. ಆ ಹೊತ್ತಿಗೆ ಆಟೋದವರು ಹೊದ್ದು ಮಲಗಿರುತ್ತಾರೆ. ನನಗೆ ಮೈ ಉರಿದು ಹೋಯಿತು. ಈಗಲೇ ಸಂಘದ ಆಫೀಸಿಗೆ ಹೋಗಿ ಜಗಳ ತೆಗೆಯುತ್ತೇನೆ ಎಂದು ಸೆರಗು ಸಿಕ್ಕಿಸಿದೆ. ಅವರು ತಡೆದರು.

"ನಿನಗ ಬಿಕ್ಕಳಿಕಿ ಬಂದಿತ್ತೇನು?" ಎಂದು ಕೇಳಿದರು.

"ಇಲ್ಲ. ನಿಮಗ?"

"ನನಗೂ ಇಲ್ಲ. ಮತ್ತ ಯಾವ ಬಾಯಿಲೆ ಜಗಳ ಮಾಡ್ತಿ? ನಮಗ ಕೇಡ ಆಗೂದಿದ್ರ ಬಿಕ್ಕಳಿಕಿ ಬರತಿತ್ತಲ್ಲ. ಬಂದಿಲ್ಲ ಅಂದಮ್ಯಾಲ ಅವರ ಮನಸಿನ್ಯಾಗ ಏನೋ ಚಲೋದ ಇರಬೇಕು. ಸಣ್ಣ ಬಸ್ ಬಿಡತಾರೋ ಏನೋ. ನಿಮ್ಮಣ್ಣನ ಅದಾನಲ್ಲ ಮ್ಯಾಲ."

ಸಿಕ್ಕಿಸಿದ ಸೆರಗು ಬಿಟ್ಟೆ. ಹುಟ್ಟಿದಾಗಿನಿಂದ ನಂಬಿದ್ದನ್ನು ಒಂದು ಬಸ್ಸಿಗಾಗಿ ಬಿಡುವುದು ಹೇಗೆ? ನಾವು ಕಾದೆವು. ಈ ವಾರ ಸಣ್ಣ ಬಸ್ಸು ಬರುತ್ತದೆ, ಮುಂದಿನ ವಾರ ಬರುತ್ತದೆ ಎಂದು ಕಾದೆವು. ಅವರು ನನ್ನ ಭುಜ ಹಿಡಿದು ಏರು ಹತ್ತುತ್ತಿದ್ದರು, ಅರ್ಧ ದಾರಿಯಲ್ಲಿ ಕಲ್ಲಿನ ಮೇಲೆ ಕೂರುತ್ತಿದ್ದರು. ಎಷ್ಟೋ ಸಲ ನಾವು ಕೂತಿದ್ದಾಗಲೇ ಬಸ್ಸು ಕೆಳಗಿನಿಂದ ಬಂದು, ನಮ್ಮನ್ನು ದಾಟಿ, ಮೇಲೆ ಸೇತುವೆಯಲ್ಲಿ ನಿಂತು, ಹೊರಟು ಹೋಗುತ್ತಿತ್ತು. ಪಕ್ಕದ ಮನೆಯವನು ಕೆಲವು ದಿನ ತನ್ನ ಮೋಟರ್ ಸೈಕಲ್ಲಿನ ಮೇಲೆ ಒಯ್ದ. ಅವನಿಗೂ ಅವನ ಕೆಲಸ ಇರುತ್ತದಲ್ಲ.

ಕೊನೆಗೆ ಅವರಿಗೆ ಹೇಳದೆ ನಾನು ಸಂಘದ ಆಫೀಸಿಗೆ ಹೋದೆ. ಗುಮಾಸ್ತ ಕುರ್ಚಿ ಹಾಕಿ ಕೂರಿಸಿದ, ಅಧ್ಯಕ್ಷರ ತಂಗಿಯಲ್ಲವೇ. ಮೊದಲ ಪ್ರಶ್ನೆ ಅದೇ.

"ಬಿಕ್ಕಳಿಕಿ ಯಾವಾಗ ಬಂತ್ರಿ ಅಕ್ಕಾರ?"

"ಬಂದಿಲ್ಲ."

ಅವನು ಪೆನ್ನು ಕೆಳಗಿಟ್ಟ. "ಹಂಗಾದ್ರ ಇಪ್ಪತ್ತನೇ ನಂಬರಿನ ಮ್ಯಾಲ, ಅಂದ್ರ ನಿಮ್ಮ ಸ್ಟಾಪಿನ ಮ್ಯಾಲ, ದೂರು ಹ್ಯಾಂಗ ತಗೊಳ್ಲಿ? ನೀವ ಹೇಳ್ರಿ" ಎಂದ. ಅಲ್ಲಿ ಕೂತಿದ್ದ ಇಬ್ಬರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಅಣ್ಣನ ದೊಡ್ಡಸ್ತಿಕೆಯಲ್ಲಿ ತಂಗಿ ಲಾಭ ಮಾಡಿಕೊಳ್ಳಲು ಬಂದಿದ್ದಾಳೆ ಎಂದು ಅವರ ಕಣ್ಣು ಹೇಳಿತು. ನಾನು ಎದ್ದು ಬಂದೆ.

ದಾರಿಯಲ್ಲೇ ಅಣ್ಣನಿಗೆ ಫೋನ್ ಮಾಡಿದೆ. ಅವನು ಊರಲ್ಲಿರಲಿಲ್ಲ. ಪ್ರದ್ಯುಮ್ನ ಅವನನ್ನು ದೊಡ್ಡ ಶಹರಕ್ಕೆ ಕರೆದುಕೊಂಡು ಹೋಗಿದ್ದ, ಬೇರೆ ಸಂಸ್ಥೆಗಳವರ ಮುಂದೆ ನಮ್ಮ ಸಂಘದ ಸಾಧನೆಯ ಬಗ್ಗೆ ಭಾಷಣ ಮಾಡಿಸಲು. ಹಿಂದೆ ಮೈಕಿನ ಸದ್ದು ಕೇಳುತ್ತಿತ್ತು. "ಅಣ್ಣಾ, ಬಸ್ಸಿಂದು ಒಂದ ಮಾತ ಐತಿ, ಇವರಿಗೆ ಭಾಳ ತ್ರಾಸ ಆಗೈತಿ" ಎಂದೆ. "ಲೀಲಾ, ಈಗ ನನ್ನ ಹೆಸರು ಕರಿಲಿಕ್ಕತ್ತಾರ, ಬಂದಮ್ಯಾಲ ಮಾತಾಡೂಣು" ಎಂದ. ಅವನು ಬಂದ, ಊರಲ್ಲಿ ಮೆರವಣಿಗೆಯೂ ಆಯಿತು. ಅವನ ಫೋನು ಬರಲಿಲ್ಲ. ಇನ್ನೊಮ್ಮೆ ಮಾಡುತ್ತೇನೆಂದರೆ ನಮ್ಮ ಮನೆಯವರು ಬಿಡಲಿಲ್ಲ. ಹೆಂಡತಿಯ ತವರಿನ ಮುಂದೆ ಕೈ ಚಾಚುವುದು ಅವರಿಗೆ ಆಗದು.

ಮಳೆ ಹಿಡಿಯಿತು. ಏರುದಾರಿ ರಾಡಿಯಾಗಿ ಕಾಲಿಟ್ಟರೆ ಜಾರುತ್ತಿತ್ತು. ಒಂದು ಪಾಳಿ ತಪ್ಪಿತು. ಅದರ ಮುಂದಿನದೂ ತಪ್ಪಿತು. ಮುಖ ಬಾತುಕೊಂಡು ಕಣ್ಣು ಸಣ್ಣಗಾದವು, ಮಲಗಿದರೆ ಉಸಿರು ಕಟ್ಟುತ್ತದೆ, ಕೂತೇ ಇರಬೇಕು. ಎರಡನೇ ಪಾಳಿ ತಪ್ಪಿದ ಮಧ್ಯಾಹ್ನ ಪಕ್ಕದ ಮನೆಯ ಮೋಟರ್ ಸೈಕಲ್ಲಿನವನು ಮಳೆಯಲ್ಲೇ ಹೋಗಿ ಆಟೋ ತಂದ. ಆಟೋದಲ್ಲಿ ಅವರ ತಲೆ ನನ್ನ ತೊಡೆಯ ಮೇಲಿತ್ತು. ಹಳ್ಳದ ಸೇತುವೆ ದಾಟಿದ ಮೇಲೆ ನಾನು ಮಾತಾಡಿಸಿದೆ. ಅವರು ಮಾತಾಡಲಿಲ್ಲ. ಹೊಸ ಬಸ್ಸೊಂದು ನೀಲಿ ಬಣ್ಣ ಹೊಳೆಸುತ್ತ ಎದುರಿಗೆ ಬಂದು ನಮ್ಮ ಆಟೋಗೆ ದಾರಿ ಬಿಟ್ಟು ನಿಂತಿತು.

ಮಣ್ಣು ಮಾಡುವ ದಿನ ಅಣ್ಣ ಬಂದು ಎಲ್ಲವನ್ನೂ ಮುಂದೆ ನಿಂತು ನೋಡಿಕೊಂಡ. ಅತ್ತ. ಅವನು ಅತ್ತದ್ದು ನಾಟಕವೆಂದು ನಾನು ಹೇಳುವುದಿಲ್ಲ. ಕಾರ್ಯವೆಲ್ಲ ಮುಗಿದ ಮೇಲೆ ನಾನು ಅವನ ಮನೆಗೆ ಹೋದೆ. ಅವನು ಊಟಕ್ಕೆ ಕೂತಿದ್ದ, ಅವನ ಹೆಂಡತಿ ಅನ್ನಪೂರ್ಣ ವೈನಿ ರೊಟ್ಟಿ ಬಡಿಯುತ್ತಿದ್ದಳು. ನನಗೂ ತಾಟು ಹಾಕಿದರು. ನಾನು ಮುಟ್ಟಲಿಲ್ಲ. ಹೊತ್ತಿಗೆ ಬಸ್ಸು ಸಿಗದ್ದರಿಂದಲೇ ಅವರು ಹೋದರು ಎಂದೆ. ಅಣ್ಣನ ಮುಖ ಸಣ್ಣದಾಯಿತು. ಸಿಟ್ಟಿನಿಂದಲ್ಲ, ತಂಗಿಗೆ ದುಃಖದಲ್ಲಿ ತಲೆ ಕೆಟ್ಟಿದೆ ಎಂಬ ಮರುಕದಿಂದ.

"ಲೀಲಾ, ನಿನಗ ಬಿಕ್ಕಳಿಕಿ ಬಂದಿತ್ತೇನವಾ?"

"ಇಲ್ಲ."

"ಗುರುಪಾದಪ್ಪಗ?"

"ಇಲ್ಲ."

"ಮತ್ತ? ಹಣೇಬಾರ ಅದು. ನಾ ನಿನ್ನ ಅಣ್ಣ, ನಿನಗ ಕೇಡ ಬಯಸ್ತೀನೇನು? ಬಯಸಿದ್ರ ನಿನಗ ಗೊತ್ತಾಗ್ತಿರಲಿಲ್ಲೇನು?"

"ಆ ನಿಯಮಕ್ಕ ಕೈ ಎತ್ತಿದಿಯಲ್ಲ, ಆವಾಗ ನಿನಗ ಯಾರ ನೆನಪ ಬಂತು?" ಎಂದು ಕೇಳಿದೆ.

ಅವನ ಮುಖ ಸ್ವಲ್ಪ ಅರಳಿತು, ಭಾಷಣದಲ್ಲಿ ಯಾರೋ ಒಳ್ಳೆಯ ಪ್ರಶ್ನೆ ಕೇಳಿದಂತೆ. "ಯಾರದೂ ಬರಲಿಲ್ಲ. ಅದ ಅದರ ಚಂದ! ಬರೇ ನಂಬರು. ಮೊದಲ ನಾವು ಒಂದ ಸ್ಟಾಪ್ ಮುಟ್ಟಬೇಕಾದ್ರ ಅವಾ ಏನ ಅಂದಾನು, ಇಕಿ ಏನ ಅಂದಾಳು ಅಂತ ಒದ್ದಾಡ್ತಿದ್ವಿ. ಇಪ್ಪತ್ತನೇ ನಂಬರ ತಗದ್ವಲ್ಲ, ಅದು ಯಾವ ಸ್ಟಾಪು ಅಂತ ಇವತ್ತಿಗೂ ನನಗ ಗೊತ್ತಿಲ್ಲ ನೋಡು."

"ಸುಣ್ಣದ ಭಟ್ಟಿ."

ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. "ಹೌದಾ?" ಎಂದ. ನಿಜವಾಗಿಯೂ ಗೊತ್ತಿರಲಿಲ್ಲ ಅವನಿಗೆ. "ನನಗ ಒಂದ ಮಾತ ಹೇಳಬೇಕಿಲ್ಲೇನವಾ ನೀನು?"

"ಫೋನ್ ಮಾಡಿದ್ದೆ."

"ಮಾಡಿದ್ದಿ?" ಎಂದು ನೆನಪಿಸಿಕೊಂಡ. "ಹಾಂ, ಮಾಡಿದ್ದಿ. ಮರತ ಬಿಟ್ಟೆ ನೋಡು."

ಅವತ್ತು ಅವನ ಅಡುಗೆಮನೆಯಲ್ಲಿ ಕೂತು ನನಗೆ ತಿಳಿಯಿತು. ಬೇರೆ ಊರಿನವರು ಹೇಳುವುದೂ ಸುಳ್ಳಲ್ಲ. ಕೇಡು ಮಾಡುವವನೂ ನಮ್ಮನ್ನು ಒಮ್ಮೆ ನೆನೆಯಬೇಕು, ನೆನೆದೇ ಮಾಡಬೇಕು, ಆಗಲೇ ಬಿಕ್ಕಳಿಕೆ. ನಮ್ಮ ಮೇಲೆ ಹಗೆ ಇಟ್ಟುಕೊಂಡು ಬಸ್ಸು ನಿಲ್ಲಿಸಿದ್ದರೆ ನಾನು ಬಿಕ್ಕಳಿಸುತ್ತ ಓಡಿ ಬರುತ್ತಿದ್ದೆ, ಬೇವಿನ ಮರದ ಕೆಳಗೆ ರಂಪ ಮಾಡುತ್ತಿದ್ದೆ, ಸ್ಟಾಪು ಉಳಿಯುತ್ತಿತ್ತು, ಅವರು ಬದುಕುತ್ತಿದ್ದರು. ಪ್ರದ್ಯುಮ್ನ ಊರಿಗೆ ಕಲಿಸಿಹೋದದ್ದು ಯಾರನ್ನೂ ನೆನೆಯದೆ ಕೊಲ್ಲುವ ಉಪಾಯವನ್ನು. ಅವನಿಗೂ ಅದು ಗೊತ್ತಿರಲಿಕ್ಕಿಲ್ಲ. ಒಳ್ಳೆಯ ಮನುಷ್ಯ, ಎರಡು ರೊಟ್ಟಿ ಉಂಡು ಕೈ ಮುಗಿದು ಹೋಗಿದ್ದ. ಒಡಹುಟ್ಟಿದವನಾದರೂ, ಕೈ ಎತ್ತುವ ಮುನ್ನ, ಊರ ಕೊನೆಗೆ ನನ್ನ ತಂಗಿ ಇದ್ದಾಳೆ, ಅವಳ ಗಂಡನಿಗೆ ಆರಾಮಿಲ್ಲ, ಬಸ್ಸು ಬೇಕಾಗುತ್ತದೆ ಎಂದುಕೊಳ್ಳಬಾರದಿತ್ತೇ? ನನಗೆ ಕೇಡೇ ಮಾಡಲಿ, ನೆನೆದು ಮಾಡಬಾರದಿತ್ತೇ? ನಾನು ಇದನ್ನೆಲ್ಲ ಅವನಿಗೆ ಹೇಳಿದೆನೋ ಒಳಗೇ ಅಂದುಕೊಂಡೆನೋ ತಿಳಿಯದು. ಹೇಳಿರಬೇಕು, ಯಾಕೆಂದರೆ ವೈನಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದಳು.

ಅಣ್ಣ ನೀರು ಕುಡಿದು, ದನಿ ಮೆತ್ತಗೆ ಮಾಡಿ ಹೇಳಿದ: "ಆದದ್ದು ಆತು. ಪಂಚಮಿ ಬಂತು. ಈ ವರ್ಷ ಹಬ್ಬ ಮಾಡಂಗಿಲ್ಲ ಖರೆ, ಆದ್ರೂ ತವರಮನಿಗೆ ಬಂದು ನಾಕ ದಿನ ಇದ್ದ ಹೋಗು. ನೀ ನಡಕೊಂತ ಬರಬ್ಯಾಡ, ನಾ ಕಾರ ಕಳಸ್ತೀನಿ."

ಪ್ರತಿ ವರ್ಷ ನಾಗರಪಂಚಮಿಗೆ ನಾನು ಬಂದು ಅವನ ಬೆನ್ನಿಗೆ ಹಾಲೆರೆಯುತ್ತಿದ್ದೆ. ಮದುವೆಯಾದ ಮೇಲೆ ಒಂದು ವರ್ಷವೂ ತಪ್ಪಿಸಿರಲಿಲ್ಲ. ಕಾರು ಎಂಬ ಮಾತು ಕಿವಿಗೆ ಬಿದ್ದಾಗ ನಾನು ತೀರ್ಮಾನ ಮಾಡಿದೆ. ಈ ಪಂಚಮಿಗೂ ಇಲ್ಲ, ಇನ್ನು ಯಾವ ಪಂಚಮಿಗೂ ಇಲ್ಲ. ಇವತ್ತಿನಿಂದ ನನಗೆ ಅಣ್ಣನಿಲ್ಲ. ಅವನ ಹೊಸಿಲು ತುಳಿಯುವುದಿಲ್ಲ, ಅವನ ಹೆಸರೆತ್ತುವುದಿಲ್ಲ, ಅವನು ಸತ್ತರೂ ಬರುವುದಿಲ್ಲ. ನಂಬರು ನೋಡಿ ಮಾಡಲಿಲ್ಲ ನಾನು. ಅವನ ಮುಖವನ್ನೇ ನೋಡುತ್ತ, ಹಣೆಯ ವಿಭೂತಿ, ನರೆತ ಮೀಸೆ, ನಮ್ಮವ್ವನಂಥವೇ ಕಿವಿ, ಎಲ್ಲವನ್ನೂ ನೋಡುತ್ತ, ಅವನನ್ನು ಪೂರ್ತಿ ಮನಸ್ಸಿನಲ್ಲಿಟ್ಟುಕೊಂಡು ಮಾಡಿದೆ. ಅರೆಮನಸ್ಸಿನ ತೀರ್ಮಾನವಲ್ಲ ಅದು, ಇವತ್ತಿಗೂ ಅದನ್ನು ಮುರಿದಿಲ್ಲ.

ಮಾಡಿ, ಅವನ ಗಂಟಲನ್ನೇ ನೋಡುತ್ತ ಕಾದೆ. ಅವನು ತುತ್ತು ನುಂಗಿದ. ಇನ್ನೊಂದು ತುತ್ತು ಕಟ್ಟಿ ಬಾಯಿಗಿಟ್ಟುಕೊಂಡು ಅದನ್ನೂ ಆರಾಮವಾಗಿ ನುಂಗಿದ. ಒಂದು ಬಿಕ್ಕಳಿಕೆಯೂ ಬರಲಿಲ್ಲ. ನಾನಿಲ್ಲದಿದ್ದರೆ ಅವನಿಗೆ ಯಾವ ನಷ್ಟವೂ ಇರಲಿಲ್ಲ. ವೈನಿಯ ಕಡೆ ತಿರುಗಿ, ಮಜ್ಜಿಗೆ ಐತೇನು ಎಂದು ಕೇಳಿದ.